ಸೊಲ್ಲಾಪುರ–ಅಕ್ಕಲಕೋಟ ದಾರಿಯಲ್ಲಿ ಒಂದು ಪದವಿಯ ವಿಚಾರ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರಿನ ದಾರಿ. ಕುಂಭಾರಿ, ವಳಸಂಗಗಳನ್ನು ದಾಟಿ ಸಾಗುವ ಈ ರಸ್ತೆಯ ಎರಡೂ ಬದಿಗೆ ಎರೆನೆಲ. ಹಂಗಾಮಿಗೆ ತಕ್ಕಂತೆ ತೊಗರಿ, ಬಿಳಿಜೋಳ, ನೀರಿದ್ದಲ್ಲಿ ಕಬ್ಬು. ಎಸ್.ಟಿ. ಬಸ್ಸಿನ ಫಲಕ ಮರಾಠಿಯದು. ಒಳಗೆ ಕುಳಿತವರು ಕಂಡಕ್ಟರನೊಡನೆ ಮರಾಠಿಯಲ್ಲಿ ಮಾತನಾಡಿ ಟಿಕೆಟ್ ಪಡೆಯುತ್ತಾರೆ. ಪಕ್ಕಕ್ಕೆ ತಿರುಗಿದೊಡನೆ ಕನ್ನಡದಲ್ಲಿ ಮಳೆ-ಬೆಳೆಯ ಮಾತು ಮುಂದುವರಿಯುತ್ತದೆ. ಸೊಲ್ಲಾಪುರದ ನೇಕಾರ ಪೇಟೆಯಲ್ಲಿ ತೆಲುಗು, ಬಜಾರದಲ್ಲಿ ಉರ್ದು, ಕೋರ್ಟಿನ ದಾವೆಪತ್ರದಲ್ಲಿ ಮರಾಠಿ, ವಕೀಲರ ಪುಸ್ತಕದಲ್ಲಿ ಇಂಗ್ಲಿಷ್, ಮನೆಯ ಒಲೆಯ ಮುಂದೆ ಕನ್ನಡ: ಹೀಗೆ ಒಂದೇ ದಿನದಲ್ಲಿ ನಾಲ್ಕೈದು ಭಾಷೆಗಳನ್ನು ಬಳಸುವುದು ನಮಗೆ ಉಸಿರಾಟದಷ್ಟೇ ಸಹಜ. ಇದನ್ನು ನಾವು ಎಂದೂ ವಿದ್ಯೆಯೆಂದು ಎಣಿಸಿದವರಲ್ಲ. ಆದರೆ ಇದೇ ಸಾಮರ್ಥ್ಯವನ್ನು ಪ್ರವೇಶದ ಷರತ್ತಾಗಿಯೇ ಇರಿಸಿಕೊಂಡ ವಿದ್ಯೆಯೊಂದು ಈ ನೆಲದ ಸಮೀಪದಲ್ಲಿಯೇ ಇದೆ. ಅದರ ಪರಿಚಯವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವಿಷಯ ನನ್ನ ಬಳಿಗೆ ಬಂದದ್ದು ಅಕ್ಕಲಕೋಟದ ನ್ಯಾಯಾಲಯದ ಅಂಗಳದಲ್ಲಿ. ಖಾತೆ ಬದಲಾವಣೆಯ ಕೆಲಸಕ್ಕೆಂದು ಬಂದಿದ್ದ ಹಿರಿಯರೊಬ್ಬರು, ಕೆಲಸ ಮುಗಿದ ಮೇಲೆ ಸಂಕೋಚದಿಂದ ಕೇಳಿದರು:

"ವಕೀಲ ಸಾಹೇಬ್ರ, ನಮ್ಮ ಮೊಮ್ಮಗಳು ಕನ್ನಡ ಸಾಲ್ಯಾಗ ಕಲ್ತು, ಬಿ.ಎ. ಮಾಡಿ, ಈಗ ಬಿ.ಡಿ. ಮುಗಸಾಕತ್ತಾಳ್ರಿ. ಇನ್ನ ಎಂ.ಟಿಎಚ್. ಮಾಡ್ತೀನಿ ಅಂತಾಳ. ದೇವಶಾಸ್ತ್ರಕ್ಕೂ ಇಂಥಾ ಡಿಗ್ರಿ ಇರ್ತಾವೇನ್ರಿ? ಅದಕ್ಕ ಏನೇನ ಬೇಕಾಗ್ತದ?"

ಅವರ ಪಕ್ಕದಲ್ಲಿದ್ದ ಇನ್ನೊಬ್ಬರು ನಡುವೆ ಬಾಯಿ ಹಾಕಿದರು: "ಕನ್ನಡ ಸಾಲಿಗೆ ಹಾಕಿದ್ದೇ ತಪ್ಪಾತು ನೋಡ್ರಿ ಕಾಕಾ. ಮೊದಲೇ ಇಂಗ್ಲಿಷಿಗೆ ಹಾಕಿದ್ರ ಈಗ ಇಷ್ಟು ತ್ರಾಸ ಇರ್ತಿದ್ದಿಲ್ಲ."

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯ ಮಾತಿಗೆ ಕೊಡಬೇಕಾದ ಉತ್ತರ ದೀರ್ಘವಾದದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಜೂನ್ ತಿಂಗಳು ಬಂದೊಡನೆ ಕೇಳಿಬರುವ ಮಾತೂ ಅದೇ. ಆದುದರಿಂದ ಎರಡನ್ನೂ ಕ್ರಮವಾಗಿ ನೋಡೋಣ.

ಕಾನೂನಿನ ಓದನ್ನು ಬಲ್ಲವರಿಗೆ ದೇವಶಾಸ್ತ್ರದ ಓದಿನ ಮೆಟ್ಟಿಲುಗಳು ಬೇಗ ಅರ್ಥವಾಗುತ್ತವೆ. ಎಲ್‌ಎಲ್.ಬಿ. ಮಾಡಿದವನು ಸನದು ಪಡೆದು ವಕೀಲಿ ನಡೆಸಬಹುದು. ಒಂದು ಶಾಖೆಯಲ್ಲಿ ಆಳಕ್ಕೆ ಇಳಿಯಬೇಕೆಂದರೆ ಎಲ್‌ಎಲ್.ಎಂ. ಮಾಡಬೇಕು. ಹಾಗೆಯೇ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬಿ.ಡಿ., ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ, ಸಭಾಪಾಲಕರನ್ನು ಸಿದ್ಧಪಡಿಸುವ ವೃತ್ತಿಪದವಿ. ಬೈಬಲ್ಲಿನ ಹಳೆಯ ಮತ್ತು ಹೊಸ ಒಡಂಬಡಿಕೆಗಳು, ಕ್ರೈಸ್ತ ಸಿದ್ಧಾಂತ, ಸಭೆಯ ಇತಿಹಾಸ, ನೀತಿಶಾಸ್ತ್ರ, ಭಾರತದ ಇತರ ಧರ್ಮಗಳು, ದುಃಖದಲ್ಲಿರುವವರಿಗೆ ಸಾಂತ್ವನ ಹೇಳುವ ಕ್ರಮ: ಇವೆಲ್ಲವೂ ಅದರಲ್ಲಿ ಸೇರಿವೆ. ಅದರ ಮೇಲಿನ ಮೆಟ್ಟಿಲು ಎಂ.ಟಿಎಚ್., ಎಂದರೆ ಮಾಸ್ಟರ್ ಆಫ್ ಥಿಯಾಲಜಿ. ಅದರಾಚೆಗೆ ಡಾಕ್ಟರೇಟ್.

ಎಂ.ಟಿಎಚ್. ಸಾಮಾನ್ಯವಾಗಿ ಎರಡು ವರ್ಷದ ಓದು. ಪ್ರವೇಶಕ್ಕೆ ಬಿ.ಡಿ.ಯಲ್ಲಿ ಒಳ್ಳೆಯ ದರ್ಜೆ ಬೇಕು. ಪ್ರವೇಶ ಪರೀಕ್ಷೆ, ಸಂದರ್ಶನಗಳಿರುತ್ತವೆ. ವಿದ್ಯಾರ್ಥಿ ಸೇರಿರುವ ಸಭೆಯ ಶಿಫಾರಸು ಪತ್ರವನ್ನೂ, ಕೆಲವು ಕಾಲ ಸೇವೆ ಸಲ್ಲಿಸಿದ ಅನುಭವವನ್ನೂ ಕೇಳುವ ರೂಢಿಯುಂಟು. ಇಲ್ಲಿ ಎಲ್ಲ ವಿಷಯಗಳನ್ನೂ ಓದುವಂತಿಲ್ಲ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಸಿದ್ಧಾಂತ, ಸಭಾ ಇತಿಹಾಸ, ಧರ್ಮಗಳ ಅಧ್ಯಯನ ಮುಂತಾದ ಶಾಖೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲು ಸಂಶೋಧನೆಯ ವಿಧಾನವನ್ನು ಕಲಿತು, ವಿಚಾರಗೋಷ್ಠಿಗಳಲ್ಲಿ ಪ್ರಬಂಧಗಳನ್ನು ಮಂಡಿಸಿ, ಕೊನೆಗೆ ಮೂಲ ಆಕರಗಳನ್ನು ಆಧರಿಸಿದ ಮಹಾಪ್ರಬಂಧವೊಂದನ್ನು ಬರೆದು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು. ಅಮೆರಿಕದ ಸೆಮಿನರಿಗಳಲ್ಲಿ ಹೆಸರು ಸ್ವಲ್ಪ ಬೇರೆ: ಮೂರು ವರ್ಷದ ಎಂ.ಡಿವ್. ಪದವಿಯ ನಂತರ ಟಿಎಚ್.ಎಂ. ಎಂಬ ಮೇಲಿನ ಪದವಿ. ಕಥೋಲಿಕರ ಕ್ರಮವೂ ಮೂರು ಮೆಟ್ಟಿಲಿನದು: ಬ್ಯಾಚುಲರ್, ಆಮೇಲೆ ಎರಡು ವರ್ಷದ ಲೈಸೆನ್ಷಿಯೇಟ್, ಕೊನೆಗೆ ಡಾಕ್ಟರೇಟ್. 1979ರಲ್ಲಿ ಎರಡನೆಯ ಪೋಪ್ ಜಾನ್ ಪಾಲ್ ಹೊರಡಿಸಿದ ಶಾಸನವು ಈ ಕ್ರಮವನ್ನು ಜಗತ್ತಿನ ಎಲ್ಲ ಕಥೋಲಿಕ ದೈವಶಾಸ್ತ್ರ ಪೀಠಗಳಿಗೆ ವಿಧಿಸಿತು.

ಇದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಸೊಲ್ಲಾಪುರದಿಂದ ಸುಮಾರು 250 ಕಿಲೋಮೀಟರ್ ದೂರದ ಪುಣೆಯಲ್ಲಿ ಎರಡು ದೊಡ್ಡ ವಿದ್ಯಾಕೇಂದ್ರಗಳಿವೆ. ಒಂದು ಯೂನಿಯನ್ ಬಿಬ್ಲಿಕಲ್ ಸೆಮಿನರಿ; ವಿದರ್ಭದ ಯವತಮಾಳದಲ್ಲಿದ್ದ ಇದು 1983ರಲ್ಲಿ ಪುಣೆಗೆ ಬಂದಿತು. ಇನ್ನೊಂದು ಕಥೋಲಿಕರ ಜ್ಞಾನದೀಪ ವಿದ್ಯಾಪೀಠ. ಸಿಂಹಳದ ಕ್ಯಾಂಡಿಯಲ್ಲಿ 1893ರಲ್ಲಿ ಆರಂಭವಾಗಿ 1955ರಲ್ಲಿ ಪುಣೆಯಲ್ಲಿ ನೆಲೆಸಿತು. ಕರ್ನಾಟಕದ ಕಡೆಗೆ ಹೋದರೆ ಬೆಂಗಳೂರಿನಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು ಇದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಇದೆ. ಬಾಸೆಲ್ ಮಿಷನ್ನಿನ ಕಾಲದ ಹಳೆಯ ಕನ್ನಡ ಮುದ್ರಣಗಳನ್ನೂ ದಾಖಲೆಗಳನ್ನೂ ಕಾಪಾಡಿಕೊಂಡು ಬಂದಿರುವ ಪತ್ರಾಗಾರ ಬಲ್ಮಠದ ಹೆಗ್ಗಳಿಕೆ.

ಪ್ರಾಟೆಸ್ಟೆಂಟ್ ಕಾಲೇಜುಗಳಲ್ಲಿ ಬಹಳಷ್ಟಕ್ಕೆ ಪದವಿ ದೊರೆಯುವುದು ಬಂಗಾಳದ ಸೆರಾಂಪುರದ ಸೆನೆಟ್ ಮೂಲಕ. ಇದರ ಕಥೆ ಯಾವ ವಕೀಲನಿಗೂ ರುಚಿಸುವಂಥದು. ವಿಲಿಯಂ ಕೇರಿ, ಜೋಶುವ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು 1818ರಲ್ಲಿ ಅಲ್ಲಿ ಕಾಲೇಜು ತೆರೆದರು. ಅಂದು ಸೆರಾಂಪುರ ಡೆನ್ಮಾರ್ಕಿನ ವಸಾಹತು. 1827ರಲ್ಲಿ ಡೆನ್ಮಾರ್ಕಿನ ರಾಜ ಆರನೆಯ ಫ್ರೆಡರಿಕ್ ಕಾಲೇಜಿಗೆ ಪದವಿ ನೀಡುವ ಅಧಿಕಾರದ ಸನ್ನದನ್ನು ಕೊಟ್ಟನು. 1845ರಲ್ಲಿ ಊರು ಇಂಗ್ಲಿಷರಿಗೆ ಮಾರಾಟವಾದರೂ ಸನ್ನದಿನ ಹಕ್ಕು ಅಳಿಯಲಿಲ್ಲ. 1918ರ ಸೆರಾಂಪುರ ಕಾಲೇಜು ಕಾಯಿದೆಯಿಂದ ಆ ಹಕ್ಕಿಗೆ ಶಾಸನದ ಬಲವೂ ಸೆನೆಟ್ಟಿನ ಆಡಳಿತವೂ ದೊರೆತವು. ರಾಜನೂ ಹೋದ, ವಸಾಹತೂ ಹೋಯಿತು; ಬರವಣಿಗೆಯಲ್ಲಿದ್ದ ಹಕ್ಕು ಮಾತ್ರ ಉಳಿಯಿತು.

ಆ ಸೆರಾಂಪುರಕ್ಕೂ ಕನ್ನಡಕ್ಕೂ ಹಳೆಯ ನಂಟಿದೆ. ಕಾಲೇಜು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1817ರಲ್ಲಿ, ಕೇರಿಯ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಅಲ್ಲಿಯ ಮುದ್ರಣಾಲಯದಿಂದಲೇ ಹೊರಬಂದಿತು. ದೇವಶಾಸ್ತ್ರವನ್ನು ಬೋಧಿಸಲು ಹೊರಟವರು ಮೊದಲು ವ್ಯಾಕರಣವನ್ನು ಬರೆದರು ಎಂಬುದು ಗಮನಿಸತಕ್ಕ ಸಂಗತಿ.

ಏಕೆಂದರೆ ಈ ಉನ್ನತ ಪದವಿಯ ತಿರುಳೇ ಭಾಷೆ. ಹಳೆಯ ಒಡಂಬಡಿಕೆಯನ್ನು ಆರಿಸಿಕೊಂಡವರು ಹೀಬ್ರೂ ಕಲಿಯಲೇಬೇಕು. ಹೊಸ ಒಡಂಬಡಿಕೆಗೆ ಗ್ರೀಕ್ ಬೇಕು. ಡಾಕ್ಟರೇಟಿನ ಹಂತದಲ್ಲಿ ಜರ್ಮನ್ ಅಥವಾ ಫ್ರೆಂಚ್ ಓದಬಲ್ಲವರಾದರೆ ಇನ್ನೂ ಒಳ್ಳೆಯದು. "ಬೈಬಲ್ಲು ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿದೆ, ಮರಾಠಿಯಲ್ಲಿದೆ, ಹೀಬ್ರೂ ಏಕೆ?" ಎಂದು ಯಾರಾದರೂ ಕೇಳಬಹುದು. ಒಂದು ಉದಾಹರಣೆ ಸಾಕು. ಹೀಬ್ರೂವಿನ ರೂಆಖ್ ಎಂಬ ಒಂದೇ ಶಬ್ದಕ್ಕೆ ಗಾಳಿ, ಉಸಿರು, ಆತ್ಮ ಎಂಬ ಮೂರು ಅರ್ಥಗಳಿವೆ. ಅನುವಾದಕ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದೊಡನೆ ಉಳಿದೆರಡು ಓದುಗನ ಕೈತಪ್ಪುತ್ತವೆ. ಗ್ರೀಕಿನ ಲೋಗೊಸ್ ಎಂಬುದೂ ಹಾಗೆಯೇ: ಮಾತು, ವಿಚಾರ, ಲೆಕ್ಕ ಎಲ್ಲವೂ ಅದರಲ್ಲಿ ಅಡಗಿವೆ. ಅನುವಾದವನ್ನು ನಂಬಿ ಪೂಜಿಸಬಹುದು, ಬದುಕಬಹುದು. ಆದರೆ ಆ ಗ್ರಂಥದ ವಿದ್ವಾಂಸನೆನಿಸಿಕೊಳ್ಳಲು ಮೂಲವನ್ನು ಓದಬೇಕು. ಕೋರ್ಟಿನಲ್ಲಿಯೂ ಮೂಲ ಕಾಗದ ಇರುವಾಗ ನಕಲನ್ನು ಮುಂದಿಟ್ಟು ವಾದಿಸಿದರೆ ನ್ಯಾಯಾಧೀಶರು ಸುಲಭವಾಗಿ ಒಪ್ಪುವುದಿಲ್ಲ.

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವವರು ದೌಂಡ್ ದಾಟಿದ ಮೇಲೆ ಕೇಡಗಾವ್ ಎಂಬ ನಿಲ್ದಾಣವನ್ನು ಕಂಡಿರಬಹುದು. ಅಲ್ಲಿಯ ಮುಕ್ತಿ ಮಿಷನ್ ಪಂಡಿತಾ ರಮಾಬಾಯಿಯವರ ಕರ್ಮಭೂಮಿ. 1858ರಲ್ಲಿ ಕರ್ನಾಟಕದ ಘಟ್ಟಸೀಮೆಯಲ್ಲಿ ಹುಟ್ಟಿ, ತಾಯಿಯಿಂದ ಸಂಸ್ಕೃತ ಕಲಿತು, ಕಲಕತ್ತೆಯ ವಿದ್ವಾಂಸರಿಂದ ಪಂಡಿತಾ ಎಂಬ ಬಿರುದು ಪಡೆದ ಆ ಹೆಣ್ಣುಮಗಳು, ಕ್ರೈಸ್ತರಾದ ಮೇಲೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮೂಲದಿಂದ ಮರಾಠಿಗೆ ತಂದರು. 1922ರಲ್ಲಿ ಅವರು ತೀರಿಕೊಂಡರು. ಅನುವಾದ 1924ರಲ್ಲಿ ಪ್ರಕಟವಾಯಿತು. ಅವರಿಗೆ ಎಂ.ಟಿಎಚ್. ಪದವಿ ಇರಲಿಲ್ಲ. ಆದರೆ ಆ ಪದವಿಯ ಮೊದಲ ಷರತ್ತನ್ನು ಅವರಷ್ಟು ಪೂರ್ಣವಾಗಿ ಪಾಲಿಸಿದವರು ವಿರಳ.

ನಮ್ಮ ಭಾಗದ ಭೂಪಟವನ್ನೂ ಒಮ್ಮೆ ನೋಡಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರಕ್ಕೆ ಬಂದದ್ದು ಅಮೆರಿಕನ್ ಮರಾಠಿ ಮಿಷನ್. ಅದರ ಹೆಸರೇ ಹೇಳುವಂತೆ ಅದರ ಶಾಲೆ, ಪ್ರಾರ್ಥನೆಗಳು ಮರಾಠಿಯಲ್ಲಿ ಬೆಳೆದವು. ದಕ್ಷಿಣಕ್ಕೆ ಧಾರವಾಡ, ಹುಬ್ಬಳ್ಳಿ, ಗುಳೇದಗುಡ್ಡಗಳಲ್ಲಿ ಬಾಸೆಲ್ ಮಿಷನ್ ಕನ್ನಡದಲ್ಲಿ ಕೆಲಸ ಮಾಡಿತು. ಪೂರ್ವಕ್ಕೆ ಕಲಬುರಗಿ, ಬೀದರಗಳಲ್ಲಿ ಮೆಥೊಡಿಸ್ಟರ ಸಭೆಗಳು ಕನ್ನಡದಲ್ಲಿ ಬೆಳೆದವು. ಅಕ್ಕಲಕೋಟ ತಾಲೂಕು ಈ ಎರಡು ಭಾಷೆಗಳ ಕೂಡುದಾರಿಯಲ್ಲಿದೆ. ಈ ನೆಲದ ಸಭೆಗಳ ಇತಿಹಾಸವನ್ನು ಬರೆಯಹೊರಟ ಸಂಶೋಧಕನಿಗೆ ಇಂಗ್ಲಿಷಿನ ವರದಿಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. ಉಳಿದರ್ಧ ಕನ್ನಡ, ಮರಾಠಿ ಕಾಗದಗಳಲ್ಲಿಯೂ ಹಿರಿಯರ ನೆನಪಿನಲ್ಲಿಯೂ ಇದೆ. ಮೈಂದರ್ಗಿ, ದುಧನಿಗಳ ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿಯನ್ನು ಬೀದಿಯಲ್ಲಿಯೇ ಕಲಿತುಕೊಂಡ ಮಗುವಿಗೆ ಈ ಎರಡೂ ಬಾಗಿಲುಗಳು ತೆರೆದೇ ಇವೆ. ಬೇರೆ ಊರಿನ ವಿದ್ಯಾರ್ಥಿ ಇದಕ್ಕಾಗಿಯೇ ವರ್ಷಗಟ್ಟಲೆ ಶ್ರಮಿಸಬೇಕಾದೀತು.

ಈ ವಿದ್ಯೆಯಿಂದ ಕನ್ನಡಕ್ಕೆ ಏನು ಬಂದಿತು ಎಂಬುದು ಎಲ್ಲರೂ ಬಲ್ಲ ವಿಷಯ. ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರ ಓದಿದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಬಾಸೆಲ್ಲಿನ ಸೆಮಿನರಿಯಿಂದ ಬಂದ ಫರ್ಡಿನಂಡ್ ಕಿಟ್ಟೆಲ್ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅದಕ್ಕಾಗಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಹೀಬ್ರೂ, ಗ್ರೀಕ್ ಗ್ರಂಥಗಳ ಒಂದೊಂದು ಶಬ್ದವನ್ನೂ ತೂಗಿ ನೋಡುವ ಶಿಸ್ತು ಕನ್ನಡ ಶಬ್ದಗಳ ಕಡೆಗೂ ತಿರುಗಿತು.

ಸೊಲ್ಲಾಪುರದವರು ವಿಶೇಷವಾಗಿ ನೆನೆಯಬೇಕಾದ ಹೆಸರು ಇನ್ನೊಂದಿದೆ: ರೆವರೆಂಡ್ ಉತ್ತಂಗಿ ಚನ್ನಪ್ಪನವರದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ದೇವಶಾಸ್ತ್ರ ಕಲಿತು ಸಭಾಪಾಲಕರಾದರು. ಅದೇ ಶಿಸ್ತಿನಿಂದ ಊರೂರು ಅಲೆದು, ಹಸ್ತಪ್ರತಿಗಳನ್ನು ಹೋಲಿಸಿ, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಮ್ಮ ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದವರಲ್ಲಿ ಅವರೂ ಒಬ್ಬರು. ಕ್ರೈಸ್ತ ಸಭೆಯ ಪಾಲಕನೊಬ್ಬ ಶರಣರ ವಚನಗಳನ್ನು ತನ್ನ ಶಾಸ್ತ್ರದಷ್ಟೇ ಗೌರವದಿಂದ ಓದಲು ಸಾಧ್ಯವಾದದ್ದು ಹೇಗೆ? ಅವರಿಗೆ ಕನ್ನಡ ಬರುತ್ತಿತ್ತು, ಮೂಲವನ್ನು ಓದುವ ವಿದ್ಯೆಯೂ ಬರುತ್ತಿತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಆ ಕೆಲಸ ನಡೆಯುತ್ತಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಕೋರ್ಟಿನ ಅಂಗಳದ ಎರಡನೆಯ ಮಾತಿಗೆ ಉತ್ತರ ಹೇಳಬಹುದು. ಗ್ರೀಕ್ ಬಾರದವನಿಗೆ ಹೊಸ ಒಡಂಬಡಿಕೆಯ ಪಂಡಿತಪದವಿ ಇಲ್ಲ. ಇದೇ ಅಳತೆಗೋಲನ್ನು ನಮ್ಮ ಊರಿಗೆ ಹಿಡಿದರೆ ಏನಾಗುತ್ತದೆ? ಸೊಲ್ಲಾಪುರದ ನಡುವೆ ಸಿದ್ಧರಾಮನ ಕೆರೆ ಇದೆ, ಕೆರೆಯ ಮಧ್ಯೆ ಗುಡಿ ಇದೆ, ಅವನು ಸ್ಥಾಪಿಸಿದನೆಂದು ಹೇಳುವ 68 ಲಿಂಗಗಳು ಊರ ಸುತ್ತ ಇವೆ. ಮಕರ ಸಂಕ್ರಾಂತಿಯ ಗಡ್ಡಾ ಯಾತ್ರೆಗೆ ಏಳು ನಂದಿಧ್ವಜಗಳು ಹೊರಡುತ್ತವೆ. ಲಕ್ಷಾಂತರ ಜನ ನೆರೆಯುತ್ತಾರೆ. ಆದರೆ ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವನು ನುಡಿದ ವಚನಗಳು ಕನ್ನಡದಲ್ಲಿವೆ. ಕೆರೆಯನ್ನು ಯಾರು ಬೇಕಾದರೂ ನೋಡಬಹುದು. ವಚನವನ್ನು ಕನ್ನಡ ಬಲ್ಲವನು ಮಾತ್ರ ಓದಬಲ್ಲ. ಬಯಲು ಎಂಬ ವಚನಕಾರರ ಮಾತನ್ನು ಇಂಗ್ಲಿಷಿಗೆ ಶೂನ್ಯವೆಂಬ ಅರ್ಥದಲ್ಲಿ ತಿರುಗಿಸುತ್ತಾರೆ. ನಮ್ಮ ಹೊಲದಾಚೆಯ ಬಯಲನ್ನು ಕಂಡ ಮಗುವಿಗೆ ಅದು ಬರಿಯ ಶೂನ್ಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಸೊಲ್ಲಾಪುರದಲ್ಲಿಯೇ ಹುಟ್ಟಿ, ಸಿದ್ಧರಾಮನ ಮೇಲೆ ಪುರಾಣವನ್ನೇ ಬರೆದ ಜಯದೇವಿತಾಯಿ ಲಿಗಾಡೆಯವರು 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಮೊದಲ ಮಹಿಳೆಯಾದದ್ದು ಇದೇ ಬೇರಿನ ಬಲದಿಂದ.

ಕನ್ನಡ ಶಾಲೆಯ ಒಂದೊಂದು ತರಗತಿ ಮುಚ್ಚಿದಾಗಲೂ ಶಿಕ್ಷಕರೊಬ್ಬರ ಹುದ್ದೆ ಹೋಗುವುದಷ್ಟೇ ಅಲ್ಲ, ಸಿದ್ಧರಾಮನನ್ನು ಮೂಲದಲ್ಲಿ ಓದಬಲ್ಲವರ ಒಂದು ಸಾಲೇ ಈ ಊರಿನಿಂದ ಕಡಿದುಹೋಗುತ್ತದೆ. ಆಮೇಲೆ ನಮ್ಮ ಮಕ್ಕಳು ತಮ್ಮ ಊರಿನ ಶರಣನನ್ನು ತಿಳಿಯಲು ಗ್ರೀಕ್ ಕಲಿಯುವ ವಿದ್ಯಾರ್ಥಿಗಳಂತೆ ಕನ್ನಡವನ್ನು ಅಕ್ಷರಮಾಲೆಯಿಂದ ಕಲಿಯಬೇಕಾದೀತು. ಸಂವಿಧಾನದ 30ನೆಯ ವಿಧಿ ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನು ಕೊಟ್ಟಿದೆ. 1956ರ ತಿದ್ದುಪಡಿಯಿಂದ ಬಂದ 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳಿಗೆ ಹೇಳಿದೆ. ಈ ವಿಧಿಗಳು ಶಾಲೆಯ ಬಾಗಿಲನ್ನು ತೆರೆದಿಡಬಲ್ಲವು. ಬೆಂಚಿನ ಮೇಲೆ ಮಗುವನ್ನು ಕೂರಿಸುವವರು ತಾಯಿತಂದೆಗಳೇ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಎಂ.ಟಿಎಚ್. ಪಾಠ, ಪ್ರಬಂಧಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ, ಎಲ್‌ಎಲ್.ಎಂ. ಕೂಡ ಹಾಗೆಯೇ. ಎಂಟನೆಯ ತರಗತಿಯಿಂದಲೇ ದಿನಕ್ಕೊಂದು ಪುಟ ಇಂಗ್ಲಿಷ್ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯುವ ಅಭ್ಯಾಸವಿದ್ದರೆ ಪದವಿಯ ವೇಳೆಗೆ ಆ ಭಯ ಉಳಿಯುವುದಿಲ್ಲ. ಒಂದು ಭಾಷೆಯ ವ್ಯಾಕರಣವನ್ನು ಗಟ್ಟಿಯಾಗಿ ಬಲ್ಲವನಿಗೆ ವಿಭಕ್ತಿ, ಲಿಂಗ, ವಚನ, ಕಾಲಗಳು ಗ್ರೀಕಿನಲ್ಲಿ ಎದುರಾದಾಗ ಹೊಸ ಭೂತಗಳಾಗಿ ಕಾಣುವುದಿಲ್ಲ. ಯಾವ ಭಾಷೆಯನ್ನೂ ಗಟ್ಟಿಯಾಗಿ ಅರಿಯದೆ ಮಾಧ್ಯಮ ಬದಲಿಸಿದ ಮಗುವಿಗೆ ಅಲ್ಲಿ ನಿಜವಾದ ಕಷ್ಟ.

ಇಂಥ ಓದಿಗೆ ಮಕ್ಕಳನ್ನು ಕಳುಹಿಸುವ ಮನೆಯವರಿಗೆ ವಕೀಲನಾಗಿ ಎರಡು ಮಾತು ಹೇಳುವುದಿದೆ. ಒಂದು, ಪ್ರವೇಶಕ್ಕೆ ಮೊದಲೇ ಆ ಪದವಿ ಯಾವ ಸಂಸ್ಥೆಯ ಹೆಸರಿನಲ್ಲಿ ದೊರೆಯುತ್ತದೆ, ಮುಂದೆ ಓದಬೇಕೆಂದಿರುವ ವಿಶ್ವವಿದ್ಯಾಲಯ ಅಥವಾ ಉದ್ಯೋಗ ನೀಡುವ ಸಂಸ್ಥೆ ಅದನ್ನು ಸಮಾನವೆಂದು ಒಪ್ಪುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಿರಿ. ಎರಡು, ಇದು ಹಣ ತರುವ ಪದವಿಯಲ್ಲ. ಸಭೆಯ ಸೇವೆ, ಸೆಮಿನರಿಯ ಅಧ್ಯಾಪನ, ಅನುವಾದ, ಸಂಶೋಧನೆ: ದಾರಿಗಳು ಕೆಲವೇ. ಮನಸ್ಸಿದ್ದವರು ಮಾತ್ರ ಹೋಗಬೇಕು. ನಮ್ಮ ಓದುಗರಲ್ಲಿ ಹೆಚ್ಚಿನವರ ಮಕ್ಕಳು ಈ ದಾರಿ ಹಿಡಿಯಲಾರರು. ಅವರ ಶ್ರದ್ಧೆ ಬೇರೆ, ಗುರಿ ಬೇರೆ. ಆದರೂ ಆ ವಿದ್ಯೆಯ ಮೊದಲ ಷರತ್ತು ಎಲ್ಲರಿಗೂ ಹೊಂದುವಂಥದು: ಯಾವುದನ್ನು ಪೂಜಿಸುತ್ತೇವೋ ಅದನ್ನು ಅದರ ಭಾಷೆಯಲ್ಲಿಯೇ ಓದಬಲ್ಲವರಾಗಿರಬೇಕು.

ಬರುವ ಜೂನಿನಲ್ಲಿ ಪ್ರವೇಶದ ಅರ್ಜಿ ತುಂಬುವಾಗ ಮಾಧ್ಯಮ ಎಂಬ ಕಾಲಮ್ಮಿನ ಎದುರು ಲೇಖನಿ ಹಿಡಿದ ತಾಯಿತಂದೆಗಳು ಇದನ್ನೊಂದಿಷ್ಟು ಯೋಚಿಸಲಿ. ಆ ಹಿರಿಯರ ಮೊಮ್ಮಗಳು ಗ್ರೀಕ್ ಕಲಿಯುವುದಕ್ಕೆ ಇನ್ನೂ ಹಲವು ರಾತ್ರಿ ದೀಪ ಹಚ್ಚಬೇಕು. ನಮ್ಮ ಮಕ್ಕಳಿಗೆ ಸಿದ್ಧರಾಮನ ಭಾಷೆ ಮನೆಯಲ್ಲಿಯೇ ದೊರೆತಿದೆ. ಅದನ್ನು ಓದಿಗೆ ತರುವ ಶಾಲೆಯೂ ಇನ್ನೂ ನಡೆಯುತ್ತಿದೆ.